ಟೋಪಿ ಹಾಕುವ ಕೆಲಸ

ಮಕ್ಕಳ ತಲೆಗೆ ಟೋಪಿ ಹಾಕುವುದು ಅವಳ ಕೆಲಸ. ಹಾಗೆಂದರೆ ಕೇಳಿದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ದೊಡ್ಡವರಿಗೆ ಟೋಪಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ, ನಂದು ಬರೀ ಮಕ್ಕಳ ವ್ಯವಹಾರ ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಟೋಪಿ ಮೇಡಂ. ಮನೆಯಲ್ಲಿ ಮಾತ್ರ ಮೊಂಡಿ. ಆ ಹೆಸರಿಟ್ಟವಳು ಅಕ್ಕ. ಚಿಕ್ಕಂದಿನಲ್ಲಿ ಒಮ್ಮೆ ಬೇಡ ಎಂದು ಬಾಯಿ ಮುಚ್ಚಿದಳೆಂದರೆ ಅದರೊಳಗೆ ಒಂದು ತುತ್ತು ತುರುಕುವುದು ಯಾರಪ್ಪನ ಕೈಲೂ ಆಗುತ್ತಿರಲಿಲ್ಲವಂತೆ.

ಆ ಟೋಪಿ ಮೆತ್ತನೆಯ ಕಪ್ಪು ಬಟ್ಟೆಯದು. ಅದರ ತುಂಬ ಅಂಗಿ ಗುಂಡಿಯಂಥ ಪುಟ್ಟ ದೀಪಗಳು, ದೀಪಗಳ ನಡುವೆ ಬೆಳಕನ್ನು ಹಿಡಿಯುವ ಕಣ್ಣುಗಳು. ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳ ಸಂದಿಯೆಲ್ಲ ಕೆಂಪಾಗುತ್ತದಲ್ಲ, ಅದೇ ಉಪಾಯ. ಬೆಳಕು ಚರ್ಮ ದಾಟಿ, ಮೂಳೆ ದಾಟಿ, ಮೆದುಳಿನ ಮೇಲ್ಪದರವನ್ನು ಮುಟ್ಟಿ ಹೊರಬರುತ್ತದೆ. ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಹೊಸ ರಕ್ತ ನುಗ್ಗುತ್ತದೆ. ಹೊರಬಂದ ಬೆಳಕಿನಲ್ಲಿ ಅದು ತಿಳಿಯುತ್ತದೆ. ನೋವಿಲ್ಲ, ಸೂಜಿಯಿಲ್ಲ, ಗಡಗಡ ಸದ್ದು ಮಾಡುವ ಯಂತ್ರದೊಳಗೆ ಮಲಗುವ ಕಷ್ಟವಿಲ್ಲ. ಮಗು ಅಮ್ಮನ ತೊಡೆಯ ಮೇಲೆ ಕೂತು ಕಥೆ ಕೇಳುತ್ತಿದ್ದರೆ ಸಾಕು.

ದೊಡ್ಡ ತೊಡಕು ಒಂದೇ. ಕೂದಲು. ದೀಪಕ್ಕೂ ಚರ್ಮಕ್ಕೂ ನಡುವೆ ದಟ್ಟ ಕಪ್ಪು ಕೂದಲು ಅಡ್ಡ ಬಂದರೆ ಬೆಳಕು ಅಲ್ಲೇ ಇಂಗಿಹೋಗುತ್ತದೆ; ಚರ್ಮ ಕಪ್ಪಗಿದ್ದರೆ ಅದೂ ಒಂದಿಷ್ಟು ನುಂಗುತ್ತದೆ. ಅವಳದೂ ಅಂಥದೇ ತಲೆ. ಅಜ್ಜಿಯಿಂದ ಬಂದ ಸುರುಳಿ ಸುರುಳಿ ಕೂದಲು, ಬಾಚಣಿಗೆ ಹಲ್ಲು ಮುರಿದುಕೊಂಡು ಸೋಲುವಷ್ಟು ದಟ್ಟ. ಪ್ರೊಫೆಸರರದು ಫಳಫಳ ಹೊಳೆಯುವ ಬೋಳು ತಲೆ. ಹೊಸ ಯಂತ್ರ ಬಂದಾಗಲೆಲ್ಲ ಮೊದಲ ಪರೀಕ್ಷೆ ಅವರ ತಲೆಯ ಮೇಲೆಯೇ. 'ದೇಶಕ್ಕಾಗಿ ಕೂದಲು ಕೊಟ್ಟವನು ನಾನು' ಎಂದು ಅವರು ನಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬೇರೆ ಎಲ್ಲೂ ಕೆಲಸ ಸಿಗದಿದ್ದಾಗ ಅವಳನ್ನು ಕರೆದು ಕೂರಿಸಿದವರು ಅವರೇ. ಅವಳಿಗೆ ಜ್ವರ ಬಂದರೆ ಮನೆಗೆ ಫೋನ್ ಮಾಡಿ ವಿಚಾರಿಸುವವರೂ ಅವರೇ. ಅದಕ್ಕೇ ಅವರಿಗೆ ಎದುರಾಡುವುದು ಅವಳಿಗೆ ಅಷ್ಟು ಕಷ್ಟವಾಗಿದ್ದು.

ಪ್ರಬಂಧ ಬರೆಯುವ ಹೊತ್ತಿಗೆ ಜಗಳ ಹುಟ್ಟಿತು. ಶಾಲೆಗೆ ಸೇರುವ ವಯಸ್ಸಿನ ಮಕ್ಕಳ ಮೆದುಳು ಮಾತಿಗೆ ಹೇಗೆ ಸ್ಪಂದಿಸುತ್ತದೆ ಎಂಬ ಅಧ್ಯಯನ ಅದು. ಕರೆದ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿನ ದಾಖಲೆಯನ್ನು ಕೈಬಿಡಬೇಕಾಗಿ ಬಂದಿತ್ತು; ಸಿಗ್ನಲ್ ಬಂದಿರಲೇ ಇಲ್ಲ. ಕೈಬಿಟ್ಟವರಲ್ಲಿ ಹೆಚ್ಚಿನವರು ದಟ್ಟ ಕೂದಲಿನ, ಕಪ್ಪು ಮೈಬಣ್ಣದ ಮಕ್ಕಳು. ಪ್ರೊಫೆಸರರು ಬರೆದ ಕರಡಿನಲ್ಲಿ ಅವರ ಸುದ್ದಿಯೇ ಇರಲಿಲ್ಲ. 'ಉತ್ತಮ ಗುಣಮಟ್ಟದ ದಾಖಲೆಗಳನ್ನು ವಿಶ್ಲೇಷಿಸಲಾಯಿತು' ಎಂಬ ಒಂದೇ ವಾಕ್ಯ. ಇನ್ನೊಂದು ವಿಷಯವೂ ಇತ್ತು. ಇಂಥ ವರದಿಯಲ್ಲಿ ಎರಡು ಗೆರೆ ತೋರಿಸಬೇಕು: ಆಮ್ಲಜನಕ ಹೊತ್ತ ರಕ್ತದ್ದೊಂದು, ಅದನ್ನು ಇಳಿಸಿದ ರಕ್ತದ್ದೊಂದು. ಒಂದು ಏರುವಾಗ ಇನ್ನೊಂದು ಇಳಿದರೆ ಅದು ಮೆದುಳಿನ ಮಾತು, ಬರೀ ನೆತ್ತಿಯ ಚರ್ಮದ ಗದ್ದಲವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಏರುವ ಗೆರೆ ಚೆಂದವಾಗಿ ಬಂದಿತ್ತು, ಹಾಕಿದ್ದರು. ಇಳಿಯಬೇಕಾದ ಗೆರೆ ಅಷ್ಟಾಗಿ ಇಳಿದಿರಲಿಲ್ಲ, ಬಿಟ್ಟಿದ್ದರು.

ಅವಳು ಒಂದು ಪ್ಯಾರಾ ಬರೆದುಕೊಂಡು ಅವರ ಕೋಣೆಗೆ ಹೋದಳು. ಎಷ್ಟು ಮಕ್ಕಳನ್ನು ಬಿಟ್ಟೆವು, ಯಾಕೆ ಬಿಟ್ಟೆವು, ಅವರ ಕೂದಲು ಎಂಥದು, ಚರ್ಮ ಎಂಥದು, ಎರಡನೆಯ ಗೆರೆ ಏನು ಹೇಳಿತು, ಎಲ್ಲ ಅದರಲ್ಲಿತ್ತು. ಪ್ರೊಫೆಸರರು ಓದಿ ಕನ್ನಡಕ ತೆಗೆದರು. ಇದನ್ನು ಹಾಕಿದರೆ ಯಂತ್ರವೇ ಸರಿಯಿಲ್ಲ ಅನ್ನುತ್ತಾರೆ, ಪ್ರಬಂಧ ವಾಪಸ್ ಬರುತ್ತದೆ ಎಂದರು. ಕೆಟ್ಟ ಸಿಗ್ನಲ್ಲನ್ನು ಎಲ್ಲರೂ ಬಿಡುತ್ತಾರೆ, ನಾವೇನು ಹೊಸ ಪಾಪ ಮಾಡಿಲ್ಲ ಎಂದರು. ಬಿಟ್ಟಿದ್ದು ತಪ್ಪಲ್ಲ, ಬಿಟ್ಟೆವು ಅಂತ ಹೇಳದಿರುವುದು ತಪ್ಪು ಎಂದು ಅವಳು ವಾದಿಸಿದಳು.

"ನೋಡಮ್ಮ," ಎಂದರು ಅವರು ಕೊನೆಗೆ, "ಅಕ್ಕಿ ಆರಿಸಿದ ಮೇಲೆ ಕಲ್ಲೆಷ್ಟು ಸಿಕ್ತು ಅಂತ ಊಟಕ್ಕೆ ಕೂತೋರಿಗೆ ಯಾರಾದ್ರೂ ಹೇಳ್ತಾರಾ?"

"ಅವು ಕಲ್ಲಲ್ಲ ಸರ್. ಮಕ್ಕಳು."

ಪ್ರೊಫೆಸರರ ಮುಖ ಕೆಂಪಾಯಿತು. ಒಂದು ವಾರ ಯೋಚನೆ ಮಾಡು ಎಂದು ಕಳಿಸಿದರು. ಹೊರಗೆ ಲೆಕ್ಕದಣ್ಣ ಸಿಕ್ಕಿದ. ಲ್ಯಾಬಿನ ಅಂಕಿಸಂಖ್ಯೆಯೆಲ್ಲ ಅವನದೇ ಜವಾಬ್ದಾರಿ, ಸ್ವಭಾವತಃ ಸಾಧು. ನೀನು ಹೇಳೋದು ಸರಿ, ಆದರೆ ಹೊಳೆಗೆ ಎದುರು ಈಜಿ ಕೈ ಸೋತ ತುಂಬಾ ಜನರನ್ನು ನೋಡಿದ್ದೇನೆ ಎಂದ. ಅವಳು ವಾರವೆಲ್ಲ ಕಾಯಲಿಲ್ಲ. ಮಾರನೆಯ ಬೆಳಿಗ್ಗೆಯೇ ಪ್ರೊಫೆಸರರ ಮೇಜಿನ ಮುಂದೆ ನಿಂತು, ಹೀಗೇ ಕಳಿಸುವುದಾದರೆ ನನ್ನ ಹೆಸರು ತೆಗೆದುಬಿಡಿ ಎಂದಳು. ಅವರು ತೆಗೆದೂಬಿಟ್ಟರು. ಪ್ರಬಂಧ ಪತ್ರಿಕೆಯೊಂದಕ್ಕೆ ಹೋಯಿತು.

ಅಲ್ಲಿಗೆ ಮುಗಿದಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಆ ಕರಡನ್ನು ಓದಿದವರಲ್ಲಿ ಒಂದು ಕಂಪನಿಯವರಿದ್ದರು. ಟೋಪಿಯನ್ನು ಶಾಲೆಗಳಿಗೆ ಮಾರುವ ಆಸೆ ಅವರಿಗೆ. ಮಗುವಿನ ತಲೆಗೆ ಎರಡು ನಿಮಿಷ ಟೋಪಿ ಹಾಕಿ ಕಥೆ ಕೇಳಿಸಿದರೆ ಸಾಕು, ಅದಕ್ಕೆ ಮಾತು ಎಷ್ಟರಮಟ್ಟಿಗೆ ಹತ್ತುತ್ತದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತದೆ ಎಂದು ಅವರ ಮಾತು. ಪ್ರಬಂಧದಲ್ಲಿ ಅಡ್ಡಿ ಆತಂಕದ ಸುಳಿವೇ ಇರಲಿಲ್ಲವಾದ್ದರಿಂದ, ಎಲ್ಲ ತಲೆಗೂ ಟೋಪಿ ಸರಿಹೊಂದುತ್ತದೆ ಎಂದೇ ಅವರು ತಿಳಿದರು. ಸಿಗ್ನಲ್ ಬಾರದಿದ್ದರೆ 'ಗೊತ್ತಾಗಲಿಲ್ಲ' ಎಂದು ಹೇಳುವ ಏರ್ಪಾಡನ್ನು ಯಂತ್ರದಲ್ಲಿ ಇಡಲೇ ಇಲ್ಲ. ಹಸಿರೆಂದರೆ ಮಾತು ಹತ್ತುತ್ತದೆ; ಹಸಿರಲ್ಲದ್ದೆಲ್ಲ ಹಳದಿ, ಅಂದರೆ ಹತ್ತುವುದಿಲ್ಲ. ಪರೀಕ್ಷೆಗೆಂದು ಎರಡು ಮೂರು ಶಾಲೆಗಳಲ್ಲಿ ಶುರುವಾಗಿಯೂ ಹೋಯಿತು.

ಆ ಶಾಲೆಗಳಲ್ಲಿ ಒಂದು ಗುಬ್ಬಿಯದು. ಗುಬ್ಬಿ ಎಂದರೆ ಅಕ್ಕನ ಮಗಳು, ಐದು ವರ್ಷದ್ದು, ಬಾಯಿ ತೆರೆದರೆ ಮುಚ್ಚುವ ಅಭ್ಯಾಸವಿಲ್ಲದ್ದು. ಅಕ್ಕ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಾಳೆ. ಒಂದು ಸಂಜೆ ಅದೇ ವ್ಯಾನನ್ನು ತಂಗಿಯ ಮನೆ ಮುಂದೆ ನಿಲ್ಲಿಸಿ, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಗುಬ್ಬಿಯನ್ನು ಅವಳ ತರಗತಿಯಿಂದ ತೆಗೆದು 'ನಿಧಾನದ ಕೋಣೆ'ಗೆ ಹಾಕಿದ್ದಾರೆ, ಇವಳ ಮೆದುಳಿಗೆ ಮಾತು ಹತ್ತುವುದಿಲ್ಲ ಎಂದು ಟೀಚರ್ ಕರೆದು ಹೇಳಿದ್ದಾರೆ ಎಂದಳು. ಗುಬ್ಬಿ ಬಾಗಿಲಲ್ಲಿ ನಿಂತು, ಆ ಕೋಣೆಯಲ್ಲಿ ಕಿಟಕಿಯಿಂದ ನಾಯಿ ಕಾಣುತ್ತದೆ, ನಾಯಿಗೆ ಮೂರು ಮರಿ, ಒಂದಕ್ಕೆ ಕಿವಿ ಬಗ್ಗಿದೆ, ಟೀಚರಿಗೆ ಹೇಳಿದರೆ ಬರೆಯೋ ಕೆಲಸ ನೋಡು ಅಂತಾರೆ ಎಂದು ಎಡೆಬಿಡದೆ ವರದಿ ಕೊಡುತ್ತಿತ್ತು.

"ಕೇಳಿಸ್ಕೊಂಡ್ಯಾ?" ಎಂದಳು ಅಕ್ಕ. "ಮಾತು ಹತ್ತದೆ ಇರೋ ಮಗು ಇದು. ನಿಮ್ಮ ಟೋಪಿ ಹೇಳಿದ್ದು."

ಅವಳು ಮಗುವಿನ ತಲೆ ನೋಡಿದಳು. ಅಜ್ಜಿಯ ಕೂದಲು, ತನ್ನ ಕೂದಲು. ಎರಡು ಜಡೆಯಲ್ಲಿ ಬಿಗಿದು ಕಟ್ಟಿದ್ದರೂ ನೆತ್ತಿ ಕಾಣದಷ್ಟು ದಟ್ಟ. ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ತಾನು ಹೆಸರು ತೆಗೆಸಿಕೊಂಡು ಕೈ ತೊಳೆದುಕೊಂಡೆ ಎಂದುಕೊಂಡಿದ್ದಳು. ಕೈ ತೊಳೆದ ನೀರು ಬಂದು ಗುಬ್ಬಿಯ ಕಾಲ ಕೆಳಗೇ ನಿಂತಿತ್ತು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅಡಿಯಿಂದ ಮುಡಿವರೆಗೆ.

ಮಾರನೆಯ ದಿನ ಗುಬ್ಬಿಯನ್ನು ಲ್ಯಾಬಿಗೆ ಕರೆದೊಯ್ದಳು. ಅಕ್ಕ ಜೊತೆಗಿದ್ದಳು. ಜಡೆ ಬಿಚ್ಚಿ, ಎಣ್ಣೆ ಜಿಡ್ಡು ಒರೆಸಿ, ಒಂದೊಂದು ದೀಪದ ಕೆಳಗೂ ಕೂದಲನ್ನು ಎಳೆ ಎಳೆಯಾಗಿ ಸರಿಸಿ, ಜೆಲ್ ಹಚ್ಚಿ ಬದಿಗೊತ್ತಿದಳು. ಹೊತ್ತು ಏರುತ್ತಲೇ ಹೋಯಿತು. ಗುಬ್ಬಿ ಎರಡು ಸಲ ಅತ್ತಿತು, ಒಂದು ಸಲ ನಿದ್ದೆ ಹೋಯಿತು, ಎದ್ದು ಹಸಿವು ಎಂದಿತು. ಕೊನೆಗೆ ಕಥೆ ಶುರುವಾದಾಗ ಪರದೆಯ ಮೇಲೆ ಒಂದು ಗೆರೆ ಏರಿತು, ಇನ್ನೊಂದು ಇಳಿಯಿತು. ಎರಡೂ ಸ್ಪಷ್ಟ. ಲೆಕ್ಕದಣ್ಣ ಬಂದು ಇಣುಕಿ ನೋಡಿ, ಈ ವರ್ಷ ನಾನು ನೋಡಿದ್ದರಲ್ಲೇ ಚೊಕ್ಕವಾದ ಗೆರೆಗಳು ಎಂದು ಮೆಲ್ಲಗೆ ಹೇಳಿ ಹೋದ.

ಅವಳು ಪ್ರೊಫೆಸರರನ್ನು ಕರೆದು ತೋರಿಸಿದಳು. ಅವರು ಬಹಳ ಹೊತ್ತು ನೋಡಿದರು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದರು. ಒಪ್ಪಿದೆ ಎಂದಳು ಅವಳು; ಅದಕ್ಕೇ ಬಿಟ್ಟವರನ್ನೆಲ್ಲ ಲೆಕ್ಕಕ್ಕೆ ತನ್ನಿ, ಕಂಪನಿಗೂ ಪತ್ರಿಕೆಗೂ ತಿಳಿಸಿ ಎಂದಳು. ಟೋಪಿಯನ್ನು ಶಾಲೆಗಳಿಗೆ ಕೊಳ್ಳಬೇಕೋ ಬೇಡವೋ ನೋಡಲು ಶಿಕ್ಷಣ ಸಮಿತಿಯವರು ಮುಂದಿನ ವಾರ ಬರುತ್ತಿದ್ದಾರೆ, ಅದು ಮುಗಿಯಲಿ, ಆಮೇಲೆ ಸಮಾಧಾನವಾಗಿ ಮಾಡೋಣ ಎಂದರು ಅವರು. ಆಮೇಲೆ ಎನ್ನುವ ಊರಿಗೆ ಬಸ್ಸಿಲ್ಲ ಎಂದು ಅಕ್ಕ ಹಿಂದಿನಿಂದ ಗೊಣಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಸಮಿತಿಯವರು ಬಂದ ದಿನ ಲ್ಯಾಬು ಗುಡಿಸಿ ಒರೆಸಿ ಲಕಲಕ ಅನ್ನುತ್ತಿತ್ತು. ಅಧ್ಯಕ್ಷೆ ವಯಸ್ಸಾದ ಹೆಂಗಸು, ಹಿಂದೆ ಶಾಲಾ ಉಪಾಧ್ಯಾಯಿನಿಯಾಗಿದ್ದವರು. ಬಂದವರೇ ಮುಂದಿನ ಕುರ್ಚಿಯಲ್ಲಿ ಕೂತು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಕಂಪನಿಯ ಮಾರಾಟಗಾರ ಬಿಗಿಯಾದ ಕೋಟು ತೊಟ್ಟು, ಎಲ್ಲರಿಗೂ ಎರಡೆರಡು ಸಲ ನಮಸ್ಕಾರ ಹೇಳಿದ. ಟೋಪಿ ಹಾಕಲು ಅವಳೇ ಬೇಕಿತ್ತು, ಅಷ್ಟು ಸಲೀಸಾಗಿ ಹಾಕುವ ಕೈ ಬೇರೆ ಇರಲಿಲ್ಲ. ಇವತ್ತೊಂದು ದಿನ ಮಾತು ಕಡಿಮೆ ಇರಲಿ ಎಂದು ಪ್ರೊಫೆಸರರು ಬೆಳಿಗ್ಗೆಯೇ ಹೇಳಿದ್ದರು.

ಮೊದಲು ಪ್ರೊಫೆಸರರೇ ಕುರ್ಚಿಯಲ್ಲಿ ಕೂತರು. ಬೋಳು ತಲೆಯ ಮೇಲೆ ಟೋಪಿ ಬೆಣ್ಣೆಯಂತೆ ಕೂತಿತು. ಕಥೆ ಶುರುವಾಯಿತು, ಪರದೆ ಹಸಿರಾಯಿತು. ಸಮಿತಿಯವರು ಚಪ್ಪಾಳೆ ತಟ್ಟಿದರು. ಮಾರಾಟಗಾರ ಎದ್ದು ನಿಂತು, ಇಷ್ಟೇ ನೋಡಿ ಎಂದು ಮಾತು ಶುರುಮಾಡುವಷ್ಟರಲ್ಲಿ ಅವಳು ಪ್ರೊಫೆಸರರ ತಲೆಯಿಂದ ಟೋಪಿ ತೆಗೆದು ತನ್ನ ತಲೆಗೆ ಹಾಕಿಕೊಂಡಳು. ಕೂದಲು ಸರಿಸಲಿಲ್ಲ, ಜೆಲ್ ಹಚ್ಚಲಿಲ್ಲ. ಶಾಲೆಯಲ್ಲಿ ಮಾಡಿದ ಹಾಗೆಯೇ ಎಳೆದು, ಪಟ್ಟಿ ಬಿಗಿದು, ಕುರ್ಚಿಯಲ್ಲಿ ಕೂತಳು.

"ಇನ್ನೊಂದ್ಸಲ ಅದೇ ಕಥೆ ಹಾಕಿ," ಎಂದಳು ಲೆಕ್ಕದಣ್ಣನಿಗೆ.

ಲೆಕ್ಕದಣ್ಣ ಪ್ರೊಫೆಸರರ ಮುಖ ನೋಡಿದ. ಪ್ರೊಫೆಸರರು ಬೇಡ ಎಂದು ಕಣ್ಣಲ್ಲೇ ಹೇಳಿದರು. ಸಾಧು ಮನುಷ್ಯ ಒಂದು ಕ್ಷಣ ತಡೆದ, ಆಮೇಲೆ ಗುಂಡಿ ಒತ್ತಿದ. ಕಥೆ ನಡೆಯಿತು. ಗೆರೆಗಳು ಹಾಸಿಗೆ ಹಿಡಿದವರ ಹಾಗೆ ಮಲಗಿದಲ್ಲೇ ಮಲಗಿದ್ದವು. ಪರದೆ ಹಳದಿಯಾಯಿತು. 'ಪದಗಳಿಗೆ ಸ್ಪಂದನೆ ದುರ್ಬಲ. ವಿಶೇಷ ನೆರವು ಅಗತ್ಯ' ಎಂದು ದೊಡ್ಡ ಅಕ್ಷರದಲ್ಲಿ ಮೂಡಿತು.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅವಳು ಟೋಪಿ ಹಾಕಿಕೊಂಡೇ ಎದ್ದು ನಿಂತಳು.

"ಇದರ ಪ್ರಕಾರ ನನಗೆ ಮಾತು ಅರ್ಥ ಆಗಲ್ಲ. ಆದ್ರೆ ಈ ಯಂತ್ರದ ಬಗ್ಗೆ ನೀವು ಓದಿರೋ ವರದಿಗೆ ಅರ್ಧ ಕೆಲಸ ಮಾಡಿದ್ದು ನಾನೇ. ಯಂತ್ರಕ್ಕೆ ನನ್ನ ಮೆದುಳು ಕಾಣಿಸಲಿಲ್ಲ. ಕಾಣಿಸಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ. ನನ್ನಂಥ ತಲೆ ಇರೋ ಮಕ್ಕಳಿಗೆ ಇದು ಇಲ್ಲ ಅಂತ ಹೇಳ್ತಿದೆ. ಅವರನ್ನ ಬೇರೆ ಕೋಣೆಗೆ ಹಾಕ್ತಿದಾರೆ."

ಮಾರಾಟಗಾರ ಬೆವರು ಒರೆಸಿಕೊಂಡು, ಇದು ಸಣ್ಣ ಸಮಸ್ಯೆ, ಅಂಥ ಮಕ್ಕಳು ಪರೀಕ್ಷೆಗೆ ಬರುವಾಗ ತಲೆ ಬೋಳಿಸಿಕೊಂಡು ಬಂದರಾಯಿತು ಎಂದ. ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೇ ತಾನು ಏನಂದೆ ಎಂದು ಆಮೇಲೆ ಹೊಳೆದಂತಿತ್ತು.

"ತಪ್ಪು ಟೋಪಿದು," ಎಂದಳು ಅವಳು. "ಕತ್ತರಿ ಮಕ್ಕಳ ತಲೆಗಾ?"

ಅಧ್ಯಕ್ಷೆ ನಗಲಿಲ್ಲ. ಪ್ರೊಫೆಸರರ ಕಡೆ ತಿರುಗಿ, ನಿಮ್ಮ ಅಧ್ಯಯನದಲ್ಲಿ ಇಂಥ ಮಕ್ಕಳಲ್ಲಿ ಎಷ್ಟು ಜನರನ್ನು ಬಿಟ್ಟಿರಿ ಎಂದು ಕೇಳಿದರು. ಪ್ರೊಫೆಸರರು ಸುಳ್ಳು ಹೇಳಬಹುದಿತ್ತು. ಅವರ ತುಟಿ ಒಮ್ಮೆ ಅಲುಗಿತು, ನಿಂತಿತು. ಕೊನೆಗೆ, ಬಿಟ್ಟದ್ದು ಒಟ್ಟು ಮೂರರಲ್ಲೊಂದು ಪಾಲು, ಅದರಲ್ಲಿ ಹೆಚ್ಚಿನವರು ಇಂಥವರೇ ಎಂದರು.

"ಇದು ನಮಗೆ ಕೊಟ್ಟ ವರದೀಲಿ ಎಲ್ಲಿದೆ?"

"ಇಲ್ಲ," ಎಂದರು ಪ್ರೊಫೆಸರರು.

ಅಧ್ಯಕ್ಷೆ ಕೈಚೀಲ ಹೆಗಲಿಗೇರಿಸಿ ಎದ್ದರು. ಮತ್ತೆ ತಿಳಿಸುವವರೆಗೆ ಯಾವ ಶಾಲೆಯಲ್ಲೂ ಆ ಟೋಪಿ ಬೇಡ ಎಂದು ಹೇಳಿ ಹೊರಟರು. ಅವರ ಹಿಂದೆ ಉಳಿದವರೂ ಹೊರಟರು, ಮಾಡಿಟ್ಟ ಕಾಫಿ ಆರಿತು.

ಕಾರಿಡಾರಿನಲ್ಲಿ ಪ್ರೊಫೆಸರರು ಅವಳನ್ನು ನಿಲ್ಲಿಸಿದರು. ಧ್ವನಿ ಏರಿಸಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಹತ್ತು ಜನರ ಮುಂದೆ ನನ್ನ ಮರ್ಯಾದೆ ಕಳೆದೆಯಲ್ಲ ಎಂದರು. ಅವಳು ಕಣ್ಣು ತಗ್ಗಿಸಲಿಲ್ಲ.

"ಬಾಗಿಲು ಹಾಕಿಕೊಂಡು ಎರಡು ಸಲ ಹೇಳಿದ್ದೆ ಸರ್. ಆಗ ನಾವಿಬ್ಬರೇ ಇದ್ವಿ."

ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ತಿಂಗಳ ಕೊನೆಗೆ ಅವಳ ಕರಾರು ಮುಗಿಯುವುದಿತ್ತು, ಮುಗಿಯಿತು. ಮುಂದುವರಿಸುವ ಮಾತು ಯಾರೂ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಹೊರಡುವ ಮೊದಲು ಪತ್ರಿಕೆಗೆ ಒಂದು ಪತ್ರ ಬರೆದು, ಪ್ರಬಂಧದಲ್ಲಿ ಏನೇನು ಇಲ್ಲ ಎಂದು ತಿಳಿಸಿದಳು. ಕದ್ದುಮುಚ್ಚಿ ಅಲ್ಲ. ಅದರ ಪ್ರತಿಯೊಂದನ್ನು ಪ್ರೊಫೆಸರರ ಕೈಗೇ ಕೊಟ್ಟು ಬಂದಳು.

ಇತ್ತ ಶಾಲೆಯವರು ಸಮಿತಿಯ ಆದೇಶ ಬರಹದಲ್ಲಿ ಬರಲಿ ಎಂದು ಗುಬ್ಬಿಯನ್ನು ಅದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಅಕ್ಕನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ವ್ಯಾನನ್ನು ಶಾಲೆಯ ಗೇಟಿಗೆ ಅಡ್ಡ ನಿಲ್ಲಿಸಿ, ಕೀ ತೆಗೆದು ರವಿಕೆಯೊಳಗೆ ಹಾಕಿಕೊಂಡಳು. ಹೆಡ್ ಮೇಡಮ್ಮಿನ ಕಾರು ಹೊರಗೇ ಉಳಿಯಿತು. ಯಾರು ಬಂದು ಬೈದರೂ, ನನಗೆ ಮಾತು ಹತ್ತಲ್ಲ, ನಮ್ಮ ವಂಶಕ್ಕೇ ಹತ್ತಲ್ಲವಂತೆ, ನಿಮ್ಮ ಯಂತ್ರವನ್ನೇ ಕೇಳಿ ಎಂದು ಒಂದೇ ಉತ್ತರ. ಗಂಟೆ ಬಾರಿಸುವ ಮೊದಲೇ ಗುಬ್ಬಿ ತನ್ನ ಹಳೆಯ ತರಗತಿಗೆ ಬಂತು. ಬಂದದ್ದೇ, ಆ ಕೋಣೆಯಲ್ಲಿ ನನ್ನ ಗೆಳತಿಯರು ನಾಲ್ವರಿದ್ದಾರೆ, ಅವರು ಬರದಿದ್ದರೆ ನಾನೂ ಅಲ್ಲಿಗೇ ಹೋಗ್ತೀನಿ ಎಂದು ಬಾಗಿಲಲ್ಲೇ ಕೂತುಬಿಟ್ಟಿತಂತೆ. ಮೊಂಡುತನದಲ್ಲಿ ಚಿಕ್ಕಮ್ಮನ ಅಚ್ಚು ಎಂದು ಅಕ್ಕ ಬೈದಳು. ಬೈಗುಳದಲ್ಲಿ ಹೆಮ್ಮೆ ತುಳುಕುತ್ತಿತ್ತು. ಸಂಜೆಯೊಳಗೆ ನಾಲ್ವರೂ ಬಂದರು.

ಅವಳು ಕೆಲವು ತಿಂಗಳು ಮನೆಯಲ್ಲಿ ಕೂತಳು. ಅರ್ಜಿ ಹಾಕಿದ ಕಡೆಯೆಲ್ಲ ಸುದ್ದಿ ಅವಳಿಗಿಂತ ಮೊದಲೇ ತಲುಪಿರುತ್ತಿತ್ತು. ಒಂದು ಕಡೆ ಸಂದರ್ಶನದಲ್ಲಿ, ನೀವು ಇಲ್ಲೂ ಹಾಗೇ ಮಾಡುತ್ತೀರಾ ಎಂದು ನೇರವಾಗಿಯೇ ಕೇಳಿದರು. ನೀವೂ ಹಾಗೇ ಬರೆದರೆ ಮಾಡುತ್ತೇನೆ ಎಂದಳು. ಆ ಕೆಲಸ ಸಿಗಲಿಲ್ಲ. ಕೊನೆಗೆ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಔಷಧಿ ಉಗ್ರಾಣದ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ, ಹಳೆಯ ಯಂತ್ರವೊಂದರ ಜೊತೆ ಅವಳಿಗೆ ಜಾಗ ಸಿಕ್ಕಿತು.

ಅಲ್ಲಿ ಕೂತಿರುವಾಗಲೇ ಪ್ರೊಫೆಸರರ ಪ್ರಬಂಧ ಹೊರಬಂತು. ಮೊದಲಿನ ಪತ್ರಿಕೆಯಲ್ಲಲ್ಲ, ಅವರೇ ಅಲ್ಲಿಂದ ವಾಪಸ್ ತೆಗೆದುಕೊಂಡು, ತಿದ್ದಿ, ಸಣ್ಣ ಪತ್ರಿಕೆಯೊಂದಕ್ಕೆ ಕೊಟ್ಟಿದ್ದರು. ಅವಳು ಓದಿದಳು. ಬಿಟ್ಟ ಮಕ್ಕಳ ಲೆಕ್ಕ ಇತ್ತು. ಕೂದಲು, ಚರ್ಮದ ವಿಷಯ ಇತ್ತು. ಎರಡನೆಯ ಗೆರೆ ಇತ್ತು. ಅದು ಸರಿಯಾಗಿ ಇಳಿಯಲಿಲ್ಲ, ಆದ್ದರಿಂದ ನಮ್ಮ ತೀರ್ಮಾನ ದುರ್ಬಲ ಎಂಬ ಮಾತೂ ಇತ್ತು. ಆ ಪ್ಯಾರಾ ಅಕ್ಷರಕ್ಕೆ ಅಕ್ಷರ ಅವಳದೇ. ಕೊನೆಯವರೆಗೂ ಹುಡುಕಿದಳು. ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಸತ್ಯ ಹೊರಬಂತಲ್ಲ, ಹೆಸರು ಯಾಕೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಅರ್ಧ ದಿನ ಹಾಗೇ ಕೂತಳು. ಸಮಾಧಾನ ಆಗಲಿಲ್ಲ. ಫೋನ್ ಎತ್ತಿದಳು.

ಪ್ಯಾರಾ ನನ್ನದು, ಹೆಸರು ಎಲ್ಲಿ ಸರ್ ಎಂದು ಕೇಳಿದಳು. ನನ್ನ ಹೆಸರು ತೆಗೀರಿ ಅಂದವಳೂ ನೀನೇ ಅಲ್ಲವೇನಮ್ಮ ಎಂದರು ಪ್ರೊಫೆಸರರು.

"ಸುಳ್ಳಿಂದ ತೆಗೀರಿ ಅಂದಿದ್ದೆ ಸರ್. ನಿಜಕ್ಕೆ ಹಾಕಿ."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. ನೀನು ಸುಲಭಕ್ಕೆ ಬಿಡೋ ಪೈಕಿ ಅಲ್ಲ ಎಂದರು. ಅಲ್ಲ ಸರ್ ಎಂದಳು. ಕ್ಷಮೆಯ ಮಾತು ಅವರೂ ಆಡಲಿಲ್ಲ, ಅವಳೂ ಆಡಲಿಲ್ಲ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು, ಎರಡೇ ಸಾಲು, ಅವಳ ಹೆಸರಿನೊಂದಿಗೆ. ಅಕ್ಕ ಅದನ್ನು ವ್ಯಾನಿನಲ್ಲಿ ಎಲ್ಲರಿಗೂ ಓದಿ ಹೇಳಿದಳು, ಒಂದು ಮಗುವಿಗೂ ಏನೂ ಅರ್ಥವಾಗಲಿಲ್ಲ.

ಪ್ರೊಫೆಸರರ ಒಪ್ಪಿಗೆ ಪಡೆದು, ಅಂದು ಕೈಬಿಟ್ಟ ಮಕ್ಕಳ ಮನೆಗಳಿಗೆ, ಕೂದಲು ಸರಿಸಿ ಮತ್ತೊಮ್ಮೆ ನೋಡುತ್ತೇನೆ ಬನ್ನಿ ಎಂದು, ಈಗ ಅವಳೇ ಫೋನ್ ಮಾಡುತ್ತಿದ್ದಾಳೆ. ಕೆಲವರು ಫೋನ್ ಇಟ್ಟುಬಿಡುತ್ತಾರೆ. ಒಬ್ಬ ತಂದೆ, ನನ್ನ ಮಗನ ತಲೆ ಏನು ನಿಮಗೆ ಆಟದ ಚೆಂಡಾ ಎಂದು ಚೆನ್ನಾಗಿ ಉಗಿದ, ಪೂರ್ತಿ ಕೇಳಿಸಿಕೊಂಡಳು. ಕೆಲವರು ಬರುತ್ತಾರೆ. ಮೊನ್ನೆ ಬಂದ ತಾಯಿಯೊಬ್ಬಳು ಮಗಳನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಹೋದ ಸಲ ಎಲ್ಲ ಸರಿಯಾಗಿದೆ ಅಂತ ಕಳಿಸಿದ್ರಿ, ಆಗ ನಮ್ಮ ಹುಡುಗಿ ತಲೇಲಿ ಏನು ಕಂಡಿತ್ತು ಎಂದು ಕೇಳಿದಳು.

"ಏನೂ ಕಂಡಿರಲಿಲ್ಲ," ಎಂದಳು ಅವಳು. "ತಪ್ಪು ನಮ್ಮದು, ಅವಳದಲ್ಲ. ಒಳಗೆ ಬನ್ನಿ, ಕೂತು ಎಲ್ಲ ಹೇಳ್ತೀನಿ. ಆಮೇಲೆ ಬೇಡ ಅನ್ನಿಸಿದ್ರೆ ಎದ್ದು ಹೋಗಿ."

ತಾಯಿ ಅವಳ ಮುಖ ನೋಡಿದಳು, ಅವಳ ಕೂದಲು ನೋಡಿದಳು. ಮಗಳನ್ನು ಇಳಿಸದೆಯೇ ಒಳಗೆ ಬಂದು ಕೂತಳು.